ಬೆನ್ನಿಗೆ ಸೂಜಿ ಹಾಕಿಸಿಕೊಳ್ಳುವ ಮೊದಲು

"ಡಾಕ್ಟ್ರೇ, ಬೆನ್ನಿಗೆ ಸೂಜಿ ಹಾಕಿದರೆ ಕಾಲು ಸ್ವಾಧೀನ ತಪ್ಪುತ್ತಂತೆ, ಹೌದಾ?" ಅಡಿಕೆ ಸುಲಿಯುವ ಕೆಲಸದ ಅಮ್ಮ ಒಬ್ಬರು ಕೇಳಿದರು. ಡಿಸ್ಕ್ ಜಾರಿ, ಸೊಂಟದಿಂದ ಹಿಮ್ಮಡಿವರೆಗೆ ಚಳುಕು ಹೊಡೆಯುತ್ತಿತ್ತು. ಎರಡು ತಿಂಗಳು ಮಾತ್ರೆ, ವ್ಯಾಯಾಮ ಆದಮೇಲೂ ರಾತ್ರಿ ನಿದ್ದೆ ಇಲ್ಲ. ಅವರ ಭಯ ಸುಮ್ನೆ ಬಂದದ್ದಲ್ಲ. ಮೊದಲೊಮ್ಮೆ ಬೇರೆ ಕಡೆ, ಏನೂ ಹೇಳದೆ, ಬೆರಳಿನಿಂದ ಮೂಳೆ ತಡವಿ ನೋಡಿ ಸೂಜಿ ಚುಚ್ಚಿದ್ದರಂತೆ.

ಈ ಇಂಜೆಕ್ಷನ್ ಬೆನ್ನುಹುರಿಯೊಳಗೆ ಹೋಗುವುದಿಲ್ಲ. ಹುರಿಯ ಪೊರೆಯ ಹೊರಗೆ, ನರದ ಬುಡದ ಹತ್ತಿರ ಸ್ಟೀರಾಯ್ಡ್ ಬಿಡುತ್ತೇವೆ. ನರದ ಊತ ಇಳಿಯುತ್ತದೆ. ಜಾರಿದ ಡಿಸ್ಕ್ ಇದರಿಂದ ವಾಪಸ್ ಹೋಗುವುದಿಲ್ಲ. ಆರಾಮ ಸಿಗುವುದು ಕೆಲವು ವಾರ ಅಥವಾ ತಿಂಗಳು. ಕೆಲವರಿಗೆ ಸಿಗುವುದೇ ಇಲ್ಲ. "ಒಂದೇ ಸೂಜಿ, ಪೂರ್ತಿ ವಾಸಿ" ಅನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ.

ಅರಿವಳಿಕೆಯಲ್ಲಿ ಎಂ.ಡಿ. ಮಾಡಿ, ಆಮೇಲೆ ನೋವಿನ ಚಿಕಿತ್ಸೆಯಲ್ಲೇ ಫೆಲೋಶಿಪ್ ಮುಗಿಸಿದ ಡಾಕ್ಟರುಗಳಿದ್ದಾರೆ. ಓದು ಮುಖ್ಯವೇ. ಆದರೆ ನಾನು ನನ್ನ ಮನೆಯವರನ್ನು ಕಳಿಸುವುದಾದರೆ ಮೊದಲು ಕೇಳುವುದು ಇದನ್ನು: "ಸಿ-ಆರ್ಮ್‌ನಲ್ಲಿ ನೋಡಿಕೊಂಡು, ಡೈ ಬಿಟ್ಟು ಹಾಕುತ್ತೀರಾ?" ಸಿ-ಆರ್ಮ್ ಅಂದರೆ ಸೂಜಿ ಹೋಗುತ್ತಿರುವಾಗಲೇ ಪರದೆ ಮೇಲೆ ತೋರಿಸುವ ಎಕ್ಸ್‌ರೇ. ಸೂಜಿ ಜಾಗ ಮುಟ್ಟಿದ ಮೇಲೆ ಸ್ವಲ್ಪ ಡೈ, ಅಂದರೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ, ಬಿಡುತ್ತೇವೆ. ಜಾಗ ಸರಿ ಇದ್ದರೆ ಅದು ನರದುದ್ದಕ್ಕೂ ಬೇರಿನ ಹಾಗೆ ಹರಡಿ ನಿಲ್ಲುತ್ತದೆ. ರಕ್ತನಾಳದೊಳಗೆ ಹೋಗಿದ್ದರೆ ಕಣ್ಣೆದುರೇ ಹರಿದು ಮಾಯವಾಗುತ್ತದೆ. ಸಿರಿಂಜ್ ಹಿಂದಕ್ಕೆಳೆದಾಗ ರಕ್ತ ಬರಲಿಲ್ಲ ಅಂದಮಾತ್ರಕ್ಕೆ ನಂಬುವ ಹಾಗಿಲ್ಲ. ಕತ್ತಿನಲ್ಲಂತೂ ಇನ್ನೂ ಎಚ್ಚರ ಬೇಕು. ಕಣಗಳಿರುವ ಸ್ಟೀರಾಯ್ಡ್ ಅಲ್ಲಿನ ರಕ್ತನಾಳ ಸೇರಿದರೆ ಪಾರ್ಶ್ವವಾಯು ಆಗಬಹುದು. ಇಂಥ ಅಪರೂಪದ ಅಪಾಯಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲೇ ಎಚ್ಚರಿಸಿದೆ.

"ಪೂರ್ತಿ ಮಲಗಿಸಿಬಿಡಿ ಡಾಕ್ಟ್ರೇ" ಅಂತ ತುಂಬಾ ಜನ ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಸೂಜಿ ನರಕ್ಕೆ ತಾಗಿದರೆ ನನಗೆ ಹೇಳುವವರು ಯಾರು? ಆ ಅಮ್ಮನನ್ನು ಬೋರಲು ಮಲಗಿಸಿ ಹೊಟ್ಟೆಯ ಕೆಳಗೆ ದಿಂಬು ಇಟ್ಟೆವು. ಸಣ್ಣ ಸೂಜಿಯಿಂದ ನಿಧಾನವಾಗಿ ಚರ್ಮ ಮರಗಟ್ಟಿಸಿದೆ. ಹತ್ತು ಸೆಕೆಂಡ್ ಉರಿ, ಅಷ್ಟೆ. "ಈಗ ಒತ್ತಿದ ಹಾಗಾಗುತ್ತೆ" ಎಂದು ಒಂದೊಂದನ್ನೂ ಹೇಳುತ್ತಾ ಹೋದೆ. ನಡುವೆ ಅವರು "ಅಯ್ಯೋ, ಕಾಲಿಗೆ ಕರೆಂಟ್ ಹೊಡೆದ ಹಾಗಾಯ್ತು" ಅಂದರು. ತಕ್ಷಣ ನಿಲ್ಲಿಸಿ, ಸೂಜಿ ತುಸು ಹಿಂದೆಳೆದು ದಿಕ್ಕು ಬದಲಿಸಿದೆ.

ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ಡಾಕ್ಟರನ್ನು ಕೇಳದೆ ತಾವಾಗಿ ನಿಲ್ಲಿಸಬಾರದು. ಸಕ್ಕರೆ ಕಾಯಿಲೆ ಇದ್ದರೆ ಕೆಲವು ದಿನ ಸಕ್ಕರೆ ಏರುತ್ತದೆ, ಮನೆಯಲ್ಲೇ ನೋಡಿಕೊಳ್ಳುತ್ತಿರಿ.

ಸೂಜಿ ಆದಮೇಲೆ ಕೆಲವು ಗಂಟೆ ಕಾಲು ಜೋಮು ಹಿಡಿದರೆ ಗಾಬರಿ ಬೇಡ. ಆದರೆ ಜ್ವರ ಬಂದರೆ, ಮೂತ್ರ ಕಟ್ಟಿದರೆ, ಕಾಲಿನ ಬಲ ಕುಗ್ಗುತ್ತಾ ಹೋದರೆ, ಕೂರುವ ಜಾಗ ಮರಗಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಆಸ್ಪತ್ರೆಗೆ ಹೊರಡಿ.