ಚಿಲ್ಲರೆ ಪ್ಯಾಕೆಟ್ ಎಲ್ಲಿಂದ ಬಂತು ಅಂತ ಮೊದಲು ಕೇಳಿ

ಅಮೆರಿಕದವರ ವಿಡಿಯೊ ನೋಡಿ, ಚಿಲ್ಲರೆಯಲ್ಲಿ ಅಪರೂಪದ ನಾಣ್ಯ ಹುಡುಕಲೆಂದು ಬ್ಯಾಂಕಿನಲ್ಲಿ ನಾಣ್ಯದ ರೋಲ್ ಕೇಳುವ ಹುಡುಗರು ಈಗ ಮಂಗಳೂರಿನಲ್ಲೂ ಇದ್ದಾರೆ. ಕ್ಯಾಷಿಯರ್‌ಗೆ ತಲೆಬುಡ ಅರ್ಥವಾಗುವುದಿಲ್ಲ, ಪಾಪ. ಕಾಗದ ಸುತ್ತಿದ ರೋಲ್ ನಮ್ಮಲ್ಲಿ ಬಳಕೆಯಲ್ಲಿಲ್ಲ. ನಮ್ಮದು ಪ್ಲಾಸ್ಟಿಕ್ ಪ್ಯಾಕೆಟ್, ಒಂದರಲ್ಲಿ ನೂರು ನಾಣ್ಯ. ಒಂದು, ಎರಡು ರೂಪಾಯಿಯ ನಾಣ್ಯಗಳನ್ನು ಹೀಗೆ ನೂರರಂತೆ ಕಟ್ಟಿ ಕೊಟ್ಟರೆ ಎಲ್ಲರಿಗೂ ಅನುಕೂಲ ಅಂತ ರಿಸರ್ವ್ ಬ್ಯಾಂಕ್ ಕೂಡ ಹೇಳಿದೆ.

ಅಲ್ಲಿಯವರು ಹುಡುಕುವುದೂ ಬೇರೆ. ಅವರಿಗೆ ಬೇಕಾದ್ದು ಬೆಳ್ಳಿ. 1964ರ ವರೆಗಿನ ಅರ್ಧ ಡಾಲರ್‌ನಲ್ಲಿ ಶೇ 90 ಬೆಳ್ಳಿ ಉಂಟು, 1965ರಿಂದ 1970ರ ವರೆಗಿನದರಲ್ಲಿ ಶೇ 40. ಇಪ್ಪತ್ತು ನಾಣ್ಯದ ಒಂದು ರೋಲ್‌ನಲ್ಲಿ ಒಂದೇ ಒಂದು ಸಿಕ್ಕಿದರೂ ಲಾಭವೇ. ನಮ್ಮ ಓಡಾಟದ ರೂಪಾಯಿ 1947ರಲ್ಲೇ ನಿಕ್ಕಲ್‌ಗೆ ಬದಲಾಯಿತು. ಬ್ಯಾಂಕ್ ಪ್ಯಾಕೆಟ್‌ನಲ್ಲಿ ಬೆಳ್ಳಿ ಸಿಗುತ್ತದೆ ಎಂಬ ಆಸೆ ಬಿಟ್ಟುಬಿಡಿ. ಇಲ್ಲಿ ನೋಡಬೇಕಾದ್ದು ಲೋಹ, ಟಂಕಸಾಲೆಯ ಗುರುತು, ಮುದ್ರಣದ ತಪ್ಪು ಮತ್ತು ನಾಣ್ಯ ಎಷ್ಟು ಹೊಸದಾಗಿ ಉಳಿದಿದೆ ಎಂಬುದು.

ನಾಣ್ಯ ನೋಡಿ ಬೆಲೆ ಹೇಳುವುದು, ಕೊಳ್ಳುವುದು, ಮಾರುವುದು ನನ್ನ ಕಸುಬು. ಹೊಸಬರು ಬಂದು ಯಾವ ನಾಣ್ಯ ಹುಡುಕಬೇಕು ಅಂತ ಕೇಳುತ್ತಾರೆ. ಈ ಪ್ಯಾಕೆಟ್ ಎಲ್ಲಿಂದ ಬಂತು ಅಂತ ನಾನು ತಿರುಗಿ ಕೇಳುತ್ತೇನೆ. ಒಳಗೆ ಏನಿರಬಹುದು ಎಂಬುದು ಮುಕ್ಕಾಲು ಪಾಲು ಅದರ ಮೇಲೇ ನಿಂತಿದೆ.

ಟಂಕಸಾಲೆಯಿಂದ ನೇರ ಬಂದ ಹೊಸ ಪ್ಯಾಕೆಟ್ ನೋಡಲು ಚಂದ, ಹುಡುಕಲು ಬೋರು. ಸಾಮಾನ್ಯವಾಗಿ ಒಂದೇ ವರ್ಷ, ಒಂದೇ ಟಂಕಸಾಲೆ. ನಾಲ್ಕಾರು ಚೆನ್ನಾದದ್ದನ್ನು ಅಂಚು ಹಿಡಿದು ತೆಗೆದಿಟ್ಟು ಉಳಿದದ್ದನ್ನು ಖರ್ಚು ಮಾಡಿ. ಹೊಸದು ಅಂದರೆ ಗೀರೇ ಇರುವುದಿಲ್ಲ ಅಂತಲ್ಲ. ಚೀಲದಲ್ಲಿ ಒಂದಕ್ಕೊಂದು ಬಡಿದುಕೊಂಡೇ ಬಂದಿರುತ್ತವೆ. ಇಂಥ ಪ್ಯಾಕೆಟ್‌ನ ನಿಜವಾದ ಉಪಯೋಗ ಮುದ್ರಣದ ತಪ್ಪು ಹಿಡಿಯುವುದಕ್ಕೆ. ನಾಣ್ಯವನ್ನು ಮೇಲೆ ಕೆಳಗೆ ಎರಡು ಬೆರಳಲ್ಲಿ ಹಿಡಿದು, ಬಾಗಿಲು ತೆರೆದ ಹಾಗೆ ಪಕ್ಕಕ್ಕೆ ತಿರುಗಿಸಿ. ನಮ್ಮ ನಾಣ್ಯದಲ್ಲಿ ಹಿಂಬದಿಯೂ ನೆಟ್ಟಗೇ ಕಾಣಬೇಕು. ಓರೆಯಾಗಿಯೋ ತಲೆಕೆಳಗಾಗಿಯೋ ಕಂಡರೆ ಅಚ್ಚು ತಿರುಗಿದೆ ಎಂದರ್ಥ, ತೆಗೆದಿಡಿ. ಚಿತ್ರ ಒಂದು ಕಡೆಗೆ ಸರಿದದ್ದು, ಅಂಚು ಕಚ್ಚಿದಂತೆ ಕತ್ತರಿಸಿದ್ದು, ಒಂದು ಬದಿ ಖಾಲಿ ಇರುವುದು, ಇವೂ ಅಪರೂಪಕ್ಕೆ ಸಿಗುತ್ತವೆ. ಹತ್ತು ರೂಪಾಯಿಯ ನಡುವಿನ ಬಿಲ್ಲೆ ಕಳಚಿ ತಿರುಗಿಸಿ ಕೂರಿಸಿ, ಅದೇ ತಪ್ಪು ಮುದ್ರಣ ಅಂತ ಮಾರುವವರೂ ಇದ್ದಾರೆ. ಸೇರುವ ಜಾಗದಲ್ಲಿ ಗೀರು, ತಟ್ಟಿದ ಗುರುತು ಕಂಡರೆ ಅದು ಮನೆಯ ಕೆಲಸ.

ಎರಡನೆಯದು ಅಂಗಡಿ, ಬಸ್ಸು, ಹೋಟೆಲಿನವರು ಕಟ್ಟಿದ ಪ್ಯಾಕೆಟ್. ನಮ್ಮ ಸಿಟಿ ಬಸ್ಸಿನ ಕಂಡಕ್ಟರ್ ಚೀಲದಲ್ಲಿ ಇಡೀ ಊರಿನ ಚಿಲ್ಲರೆ ತಿರುಗುತ್ತದೆ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್‌ಗೆ ಹೋಗಿ ಬರುವಷ್ಟರಲ್ಲಿ ಅದು ಎಷ್ಟು ಕೈ ಬದಲಾಯಿಸುತ್ತದೆ! ಕಲಬೆರಕೆ ಇದ್ದಷ್ಟು ಒಳ್ಳೆಯದು.

ಇದಕ್ಕೆ ಮೂರು ಸಾಮಾನು ಸಾಕು: ಅಯಸ್ಕಾಂತ, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಲೆನ್ಸ್. 1992ರಿಂದ ಬಂದ ಒಂದು ರೂಪಾಯಿ ಸ್ಟೀಲಿನದು, ಅಯಸ್ಕಾಂತಕ್ಕೆ ಅಂಟುತ್ತದೆ. ಅದಕ್ಕೂ ಹಿಂದಿನ, 1980ರ ದಶಕದ ತಾಮ್ರ-ನಿಕ್ಕಲ್ ರೂಪಾಯಿ ಅಂಟುವುದಿಲ್ಲ. ಭಾರತದ ನಕ್ಷೆ ಇರುವ, ಹನ್ನೊಂದು ಮೂಲೆಯ ಹಳೆ ಎರಡು ರೂಪಾಯಿಯೂ ಅಂಟುವುದಿಲ್ಲ. ಹಾಗಾಗಿ ರಾಶಿಯ ಮೇಲೆ ಅಯಸ್ಕಾಂತ ಎಳೆದು ಉಳಿದದ್ದನ್ನು ನೋಡಿದರೆ ಅರ್ಧ ಕೆಲಸ ಮುಗಿಯಿತು. ಆದರೆ 1960ರ ದಶಕದ ದೊಡ್ಡ ರೂಪಾಯಿ ಶುದ್ಧ ನಿಕ್ಕಲ್‌ನದು, ಅದು ಅಂಟುತ್ತದೆ. ಸಿಗುವುದು ಕಷ್ಟ, ಆದರೂ ಅಂಟಿದ್ದನ್ನೂ ಒಮ್ಮೆ ಕಣ್ಣಾಡಿಸಿ ನೋಡಿ.

ಐದು ರೂಪಾಯಿಗೆ ತಕ್ಕಡಿ ಬೇಕು. ಹಳೆಯ ತಾಮ್ರ-ನಿಕ್ಕಲ್ ಐದು ರೂಪಾಯಿ 9 ಗ್ರಾಂ ತೂಗುತ್ತದೆ. ಆಮೇಲೆ ಬಂದ ಸ್ಟೀಲಿನದೂ ಹಳದಿ ಬಣ್ಣದ್ದೂ 6 ಗ್ರಾಂ. ನೂರರ ಪ್ಯಾಕೆಟ್ 600 ಗ್ರಾಂ ಬರಬೇಕಾದಲ್ಲಿ 630 ಬಂದರೆ ಒಳಗೆ ಹತ್ತು ದಪ್ಪ ನಾಣ್ಯ ಇರಬಹುದು, ಪ್ಯಾಕೆಟ್ ಬಿಚ್ಚಬೇಕಾಗಿಯೇ ಇಲ್ಲ. 2019ರ ಸರಣಿ ಬಂದ ಮೇಲೆ ಈ ಲೆಕ್ಕ ಸ್ವಲ್ಪ ಹಾಳಾಗಿದೆ. ಹೊಸ ಐದು ರೂಪಾಯಿ 6.74 ಗ್ರಾಂ. ಅದು 25 ಮಿಲಿಮೀಟರ್ ಅಗಲ, ಹಳೆಯದು 23. ನಾಣ್ಯಗಳನ್ನು ಸಾಲಾಗಿ ಜೋಡಿಸಿದರೆ ಹೊಸದು ಹೊರಗೆ ಚಾಚಿಕೊಂಡು ಕಾಣುತ್ತದೆ, 9 ಗ್ರಾಂನ ಹಳೆಯದು ಅಂಚಿನ ದಪ್ಪದಲ್ಲೇ ಗೊತ್ತಾಗುತ್ತದೆ. ಆ ದಪ್ಪ ನಾಣ್ಯ ಈಗ ಯಾಕೆ ಕಡಿಮೆ ಅಂತೀರಾ? ಕಳ್ಳದಾರಿಯಲ್ಲಿ ಬಾಂಗ್ಲಾದೇಶಕ್ಕೆ ಸಾಗಿಸಿ ರೇಜರ್ ಬ್ಲೇಡ್ ಮಾಡುತ್ತಾರೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ನಾಣ್ಯ ಕರಗಿಸುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ, ಅದು ಬೇರೆ ಮಾತು.

ಆಮೇಲೆ ಲೆನ್ಸ್. ಇಸವಿಯ ಕೆಳಗೆ ನೋಡಿ. ವಜ್ರದಾಕಾರ ಇದ್ದರೆ ಮುಂಬಯಿ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೊಯಿಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಚಿಲ್ಲರೆಯ ಅಭಾವ ಬಂದಾಗ ಸರ್ಕಾರ ಹೊರದೇಶದಲ್ಲೂ ನಾಣ್ಯ ಮಾಡಿಸಿತ್ತು. 1985ರ ಒಂದು ರೂಪಾಯಿಯಲ್ಲಿ ಇಂಗ್ಲಿಷಿನ ‘ಎಚ್’ ಕಂಡರೆ ಅದು ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲೆಯದು. 1990ರ ದಶಕದ ಕೊನೆಯ ಸ್ಟೀಲ್ ರೂಪಾಯಿಯಲ್ಲಿ ‘ಎಂ’ ಅಕ್ಷರದ ಪಕ್ಕ ಪುಟ್ಟ ಸೊನ್ನೆ ಇದ್ದರೆ ಮೆಕ್ಸಿಕೊ, ‘ಎಂಕೆ’ ಇದ್ದರೆ ಸ್ಲೊವಾಕಿಯಾದ ಕ್ರೆಮ್ನಿತ್ಸ. ನಿಮ್ಮ ಕಿಸೆಯ ಒಂದು ರೂಪಾಯಿ ಮೆಕ್ಸಿಕೊದಿಂದ ಬಂದದ್ದು ಅಂದರೆ ಮಕ್ಕಳಿಗೆ ಖುಷಿ. ಒಂದು ರೂಪಾಯಿ ಖರ್ಚಿನಲ್ಲಿ ಇದಕ್ಕಿಂತ ಒಳ್ಳೆಯ ಹುಡುಕಾಟ ನನಗಂತೂ ಗೊತ್ತಿಲ್ಲ.

ನನ್ನ ಇಷ್ಟದ್ದು ಮೂರನೆಯದು, ಕಾಣಿಕೆ ಡಬ್ಬಿಯ ಚಿಲ್ಲರೆ. ಕರಾವಳಿಯಲ್ಲಿ ದೇವಸ್ಥಾನಕ್ಕೇನು ಬರವೇ? ಹುಂಡಿ ಎಣಿಸಿದ ಮೇಲೆ ಹಣ ಬ್ಯಾಂಕಿಗೆ ಬರುತ್ತದೆ, ಅಲ್ಲಿಂದ ಕೌಂಟರಿಗೆ. ಹುಂಡಿ ಎಣಿಸುವ ಜಾಗಕ್ಕೇ ಹೋಗಿ ಇಣುಕುವುದು ಮಾತ್ರ ಬೇಡ, ಅದು ಸರಿಯಲ್ಲ. ಹರಕೆ ಹೊತ್ತವರು ವರ್ಷಗಟ್ಟಲೆ ದೇವರ ಕೋಣೆಯಲ್ಲಿ ಕಟ್ಟಿಟ್ಟ ನಾಣ್ಯವನ್ನು ತಂದು ಹಾಕುತ್ತಾರೆ. ಹಾಗಾಗಿ ಪೇಟೆಯಲ್ಲಿ ಮಾಯವಾದದ್ದು ಇಲ್ಲಿ ಸಿಗುತ್ತದೆ. ಸ್ಮರಣಾರ್ಥ ನಾಣ್ಯಗಳೂ ಜಾಸ್ತಿ. 2006ರಲ್ಲಿ ಬಸವೇಶ್ವರರ ಐದು ರೂಪಾಯಿ ಬಂತು, ಅದೇ ವರ್ಷ ನಾರಾಯಣ ಗುರುಗಳದ್ದೂ ಬಂತು. ಗುರುಗಳೇ ಪ್ರತಿಷ್ಠೆ ಮಾಡಿದ ಕುದ್ರೋಳಿ ದೇವಸ್ಥಾನ ಇರುವ ನಮ್ಮ ಊರಿನಲ್ಲಿ ಅವರ ನಾಣ್ಯ ಕೇಳಿಕೊಂಡು ಬರುವವರು ಈಗಲೂ ಇದ್ದಾರೆ. ಸಂತ ಅಲ್ಫೋನ್ಸಾ ಅವರ 2009ರ ನಾಣ್ಯವನ್ನು ನಮ್ಮ ಕ್ಯಾಥೊಲಿಕ್ ಮನೆಗಳಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಗಲ್ಫ್‌ನ ನಾಣ್ಯವೂ ಇದರಲ್ಲಿ ನುಸುಳುತ್ತದೆ. ದುಬೈಯ ಒಂದು ದಿರ್ಹಮ್ ಮೇಲೆ ಉದ್ದ ಕೊಕ್ಕಿನ ಕಾಫಿ ಹೂಜಿ ಇರುತ್ತದೆ. ಗಾತ್ರ ಹೆಚ್ಚುಕಡಿಮೆ ನಮ್ಮ ಐದು ರೂಪಾಯಿಯಷ್ಟೇ, ಅದೇ ಪ್ಯಾಕೆಟ್‌ಗೆ ಬಿದ್ದರೆ ಎಣಿಸುವವರಿಗೆ ಗೊತ್ತೇ ಆಗುವುದಿಲ್ಲ. ಇನ್ನು ನಾಲ್ಕಾಣೆ ಸಿಕ್ಕಿದರೆ ಅದನ್ನು ಬ್ಯಾಂಕಿಗೆ ವಾಪಸ್ ಕೊಡುವಂತಿಲ್ಲ. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿದಿದೆ. 50 ಪೈಸೆ ಈಗಲೂ ಚಲಾವಣೆಯಲ್ಲಿದೆ, ಅಂಗಡಿಯವರು ಏನೇ ಹೇಳಲಿ.

ಹುಂಡಿಯ ನಾಣ್ಯಕ್ಕೆ ಕುಂಕುಮ, ಎಣ್ಣೆ, ಅರಶಿನ ಮೆತ್ತಿಕೊಂಡಿರುತ್ತದೆ. ದೀಪ ತೊಳೆಯುವ ಹುಣಸೆಹುಳಿಯಲ್ಲಿ ತಿಕ್ಕಿ ಫಳಫಳ ಮಾಡಿ ತರುತ್ತಾರೆ. ಅಯ್ಯೋ, ಅಲ್ಲಿಗೆ ಅದರ ಬೆಲೆ ಹೋಯಿತು! ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಸೋಪು ಹಾಕಿ ನೆನೆಸಿ, ಮೆತ್ತನೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಉಜ್ಜಬೇಡಿ. ನಮ್ಮ ಮಳೆಗಾಲದಲ್ಲಿ ಅಗ್ಗದ ಪಿವಿಸಿ ಕವರು ಬೆವರಿ ತಾಮ್ರ-ನಿಕ್ಕಲ್ ನಾಣ್ಯಕ್ಕೆ ಹಸಿರು ಅಂಟು ಹಿಡಿಸುತ್ತದೆ. ರಟ್ಟಿನ ಹೋಲ್ಡರ್, ಗಟ್ಟಿ ಮುಚ್ಚಳದ ಡಬ್ಬ, ಒಳಗೆ ಸಿಲಿಕಾ ಜೆಲ್ ಇದ್ದರೆ ಸಾಕು.

ಬೆಲೆಯ ವಿಷಯ ಬೇಗ ಮುಗಿಸುತ್ತೇನೆ. ವೈಷ್ಣೋದೇವಿಯ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗುತ್ತದೆ ಎಂಬ ವಾಟ್ಸ್ಆ್ಯಪ್ ಸುದ್ದಿ ಶುದ್ಧ ಸುಳ್ಳು. ಮೊದಲು ತೆರಿಗೆ ಕಟ್ಟಿ, ಆಮೇಲೆ ಹಣ ಕೊಡುತ್ತೇವೆ ಅನ್ನುವವರು ಮೋಸಗಾರರು. ಹಳೆ ನಾಣ್ಯ, ನೋಟಿನ ಹೆಸರಿನಲ್ಲಿ ನಡೆಯುವ ಈ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆಯನ್ನೂ ಕೊಟ್ಟಿತ್ತು. ಪ್ಯಾಕೆಟ್‌ನಲ್ಲಿ ಸಿಗುವ ಹೆಚ್ಚಿನ ನಾಣ್ಯಕ್ಕೆ ಮುಖಬೆಲೆಯೇ ಬೆಲೆ, ಕೆಲವಕ್ಕೆ ಅದರ ಕೆಲವು ಪಟ್ಟು.

ಬ್ಯಾಂಕಿಗೆ ತಿಂಗಳ ಮೊದಲ ವಾರ ಹೋಗಬೇಡಿ, ಪೆನ್ಶನ್‌ನವರ ಸಾಲು ಇರುತ್ತದೆ. ಮಧ್ಯಾಹ್ನದ ಮೇಲೆ ಹೋಗಿ, “ಸರ್, ಐದು ರೂಪಾಯಿಯ ಚಿಲ್ಲರೆ ಉಂಟಾ? ಹಳೇದಾದರೂ ಅಡ್ಡಿಲ್ಲ” ಅನ್ನಿ. “ಕೊಂಡೋಗಿ ಮಾರಾಯ್ರೆ, ಇಲ್ಲಿ ಇಡ್ಲಿಕ್ಕೆ ಜಾಗ ಇಲ್ಲ” ಎಂಬ ಉತ್ತರ ಬಂದರೂ ಬರಬಹುದು. ನೋಡಿ ಮುಗಿದದ್ದನ್ನು ಮರುದಿನವೇ ಅದೇ ಕೌಂಟರಿನಲ್ಲಿ ಸುರಿಯಬೇಡಿ. ನಾಣ್ಯ ಬೇಡ ಅನ್ನಲು ಬ್ಯಾಂಕಿಗೆ ಅಧಿಕಾರವಿಲ್ಲ, ಆದರೆ ಕ್ಯಾಷಿಯರ್ ಮುನಿಸಿಕೊಂಡರೆ ಮುಂದಿನ ಪ್ಯಾಕೆಟ್ ಸಿಗುವುದಿಲ್ಲ. ಹಾಲಿನ ಬೂತಿನವರಿಗೆ, ಬಸ್ಸಿನವರಿಗೆ ಕೊಡಿ, ಅವರಿಗೆ ಚಿಲ್ಲರೆ ಯಾವಾಗಲೂ ಬೇಕು. ಬ್ಯಾಂಕಿಗೇ ಕೊಡುವುದಾದರೆ ನೂರು ಸರಿಯಾಗಿ ಎಣಿಸಿ, ನೀವು ತೆಗೆದಿಟ್ಟುಕೊಂಡಷ್ಟಕ್ಕೆ ಬೇರೆ ನಾಣ್ಯ ಸೇರಿಸಿ, ಪ್ಯಾಕೆಟ್ ಕಟ್ಟಿ ಕೊಡಿ.