ಏರಿಯಲ್ ಬಿಡಿ, ಪ್ಲಗ್ ನೋಡಿ

ಕಾರಿನ ರೇಡಿಯೊದಲ್ಲಿ ಶಾರ್ಟ್‌ವೇವ್, ಅಂದರೆ ದೂರದೂರದ ಸ್ಟೇಷನ್‌ಗಳ ಬ್ಯಾಂಡ್, ಸರಿಯಾಗಿ ಹಿಡಿಯುತ್ತಿಲ್ಲ ಅಂದ ಕೂಡಲೇ ಎಲ್ಲರ ಕೈ ಏರಿಯಲ್ ಕಡೆ ಹೋಗುತ್ತದೆ. ಮುಂಬೈ–ಪುಣೆ ನಡುವೆ ಓಡಾಡುವ ನಮ್ಮ ಕನ್ನಡದ ಗೆಳೆಯರ ಬಾಯಲ್ಲೂ ಇದೇ ಮಾತು. ಏರಿಯಲ್ ಉದ್ದ ಮಾಡಿಸು, ಬೂಸ್ಟರ್ ಹಾಕಿಸು. ಸುಮ್ನೆ ದುಡ್ಡು ದಂಡ.

ಅನುಮಾನವೇನೋ ಸಹಜವೇ. ಶಾರ್ಟ್‌ವೇವಿನ 31 ಮೀಟರ್ ಬ್ಯಾಂಡಿನಲ್ಲಿ ಒಂದು ಅಲೆಯ ಉದ್ದವೇ ಸುಮಾರು 31 ಮೀಟರ್; ಅದರ ಕಾಲು ಭಾಗದಷ್ಟು ಏರಿಯಲ್ ಬೇಕೆಂದರೆ ಏಳೂವರೆ ಮೀಟರಿಗಿಂತ ಜಾಸ್ತಿ. ಕಾರಿನ ಮೇಲಿರುವುದು ಹೆಚ್ಚೆಂದರೆ ಒಂದು ಮೀಟರ್. ಆದರೆ ಮದುವೆಮನೆಯಲ್ಲಿ ವಾಲಗದ ಪಕ್ಕ ಕೂತು ಕಿವಿಯ ಹಿಂದೆ ಅಂಗೈ ಬಟ್ಟಲು ಮಾಡಿ ಹಿಡಿದರೆ ಮಾತಿನ ಜೊತೆ ವಾಲಗವೂ ಜೋರಾಗುತ್ತದೆ, ಅಲ್ವಾ? ಉದ್ದದ ಏರಿಯಲ್ ಮಾಡುವುದೂ ಅಷ್ಟೇ. ಸ್ಟೇಷನ್ನಿನ ಜೊತೆ ಗದ್ದಲವನ್ನೂ ಎಳೆದು ತರುತ್ತದೆ.

ಆ ಗದ್ದಲ ಎದ್ದೇಳುವುದು ಬಾನೆಟ್ ಕೆಳಗಿನಿಂದ, ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್‌ನಿಂದ. ಈ ವಿಷಯ ನನಗೆ ಬಹಳ ಇಷ್ಟ. ಯಾಕೆಂದರೆ ರೇಡಿಯೊ ಹುಟ್ಟಿದ್ದೇ ಕಿಡಿಯಿಂದ. 1880ರ ದಶಕದ ಕೊನೆಯಲ್ಲಿ ಜರ್ಮನಿಯ ವಿಜ್ಞಾನಿ ಹರ್ಟ್ಸ್ ಎರಡು ಲೋಹದ ಗುಂಡುಗಳ ನಡುವೆ ಕಿಡಿ ಹಾರಿಸಿ ರೇಡಿಯೊ ಅಲೆ ಎಬ್ಬಿಸಿದ. 1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಕಿಡಿಯ ಅಲೆಯನ್ನು ಗೋಡೆ ದಾಟಿಸಿ ಗಂಟೆ ಬಾರಿಸಿದರು. 1912ರಲ್ಲಿ ಟೈಟಾನಿಕ್ ಹಡಗು ಸಹಾಯಕ್ಕೆ ಕೂಗಿದ್ದೂ ಕಿಡಿಯ ಟ್ರಾನ್ಸ್‌ಮಿಟರಿನಿಂದಲೇ. ಪೆಟ್ರೋಲ್ ಕಾರಿನಲ್ಲಿ ಇವತ್ತಿಗೂ ಅದೇ ಕೆಲಸ ನಡೆಯುತ್ತಿದೆ. ಹತ್ತಿಪ್ಪತ್ತು ಸಾವಿರ ವೋಲ್ಟ್ ಪ್ಲಗ್ಗಿನ ಸಂದಿಯಲ್ಲಿ ಚಿಟಿಲ್ ಅನ್ನುತ್ತದೆ. ಕರೆಂಟ್ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಏರುವುದರಿಂದ ಅಲೆ ಒಂದೇ ಕಡೆ ನಿಲ್ಲದೆ ಇಡೀ ಶಾರ್ಟ್‌ವೇವ್ ತುಂಬಾ ಹರಡುತ್ತದೆ. ಪ್ಲಗ್ಗಿನ ವೈರೇ ಅದಕ್ಕೆ ಏರಿಯಲ್.

ನಾಲ್ಕು ಸಿಲಿಂಡರಿನ ಎಂಜಿನ್ 3000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3000 ಸುತ್ತು, ತಿರುಗಿದರೆ ಸೆಕೆಂಡಿಗೆ 100 ಕಿಡಿ. ಆಕ್ಸಿಲರೇಟರ್ ಒತ್ತಿದಂತೆ ರೇಡಿಯೊದ ಗುರ್‍ ಶಬ್ದ ಏರುವುದು ಅದಕ್ಕೇ. ಮುಂಬೈ ಪಕ್ಕದ ಡೊಂಬಿವಲಿಯ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಆಟೊ ನಿಂತರೆ ಅದರ ಒಂಟಿ ಸಿಲಿಂಡರಿನ ಟಪ್ ಟಪ್ ಕೂಡ ನಿಮ್ಮ ಸ್ಪೀಕರಿಗೆ ಬರಬಹುದು. ಸಿಎನ್‌ಜಿಗೆ ಬದಲಾದರೂ ಕಿಡಿ ತಪ್ಪಲಿಲ್ಲ. ಡೀಸೆಲ್ ಗಾಡಿಗೆ ಮಾತ್ರ ಪ್ಲಗ್ಗಿನ ಕಿಡಿಯೇ ಬೇಡ.

ಎಫ್‌ಎಂನಲ್ಲಿ ಈ ಕಾಟ ಕಡಿಮೆ. ಅಲ್ಲಿ ದನಿ ಇರುವುದು ಅಲೆಯ ಆವರ್ತನದ ಏರಿಳಿತದಲ್ಲಿ, ಹಾಗಾಗಿ ಅಲೆಯ ಎತ್ತರ ಕದಡಿದರೆ ರೇಡಿಯೊ ಅದನ್ನು ಕತ್ತರಿಸಿ ಎಸೆಯುತ್ತದೆ. ಶಾರ್ಟ್‌ವೇವ್ ಸ್ಟೇಷನ್‌ಗಳಲ್ಲಿ ದನಿ ಇರುವುದು ಎತ್ತರದಲ್ಲೇ. ಕತ್ತರಿಸಿದರೆ ಹಾಡೇ ಹೋಯಿತು.

ಮದ್ದು ಅಗ್ಗದ್ದು. ಪ್ಲಗ್ ಬಿಚ್ಚಿ ಅದರ ನಂಬರ್ ಓದಿ. ಅಕ್ಷರಗಳ ನಡುವೆ ಇಂಗ್ಲಿಷಿನ ‘ಆರ್’ ಇದ್ದರೆ ಸಾಮಾನ್ಯವಾಗಿ ಒಳಗೆ ರೆಸಿಸ್ಟರ್ ಇದೆ ಎಂದು ಅರ್ಥ. ಅದು ಕರೆಂಟಿನ ಏರಿಕೆಯನ್ನು ತಡೆದು ಗದ್ದಲ ತಗ್ಗಿಸುತ್ತದೆ. ಬಾನೆಟ್ಟಿಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯಿಂದ ಅರ್ತ್ ಕೊಡಿಸಿ. ಬಾನೆಟ್ ಆಗ ಗದ್ದಲಕ್ಕೆ ಒಳ್ಳೆ ಮುಚ್ಚಳವಾಗುತ್ತದೆ.

ನಂಬಿಕೆ ಬಾರದಿದ್ದರೆ ಸಂಜೆ ಏಳರ ಮೇಲೆ ಮುಂಬೈ–ಪುಣೆ ದಾರಿಯ ಲೋಣಾವಳದ ಹತ್ತಿರ ಕಾರು ನಿಲ್ಲಿಸಿ 41 ಮೀಟರ್ ಬ್ಯಾಂಡ್ ತಿರುಗಿಸಿ. ಬೆಟ್ಟ ಅಡ್ಡ ಇದ್ದರೂ ಚಿಂತೆಯಿಲ್ಲ, ಈ ಅಲೆ ಬರುವುದು ಆಕಾಶದಿಂದ, ನೂರಾರು ಕಿಲೋಮೀಟರ್ ಮೇಲಿರುವ ವಿದ್ಯುತ್ ಕಣಗಳ ಪದರಕ್ಕೆ, ಅಂದರೆ ಅಯಾನುಗೋಳಕ್ಕೆ ಬಡಿದು. ಎಂಜಿನ್ ಆಫ್ ಮಾಡಿ, ರೇಡಿಯೊ ಆನ್ ಇರಲಿ. ಗದ್ದಲ ಇಳಿದರೆ ಕಳ್ಳ ಸಿಕ್ಕಿದ. ಇಳಿಯದಿದ್ದರೆ ಲೈಟರ್ ಸಾಕೆಟ್ಟಿನಲ್ಲಿರುವ ಮೊಬೈಲ್ ಚಾರ್ಜರ್ ಕಿತ್ತು ನೋಡಿ.