ಬಸವನಹುಳುವಿನಲ್ಲಿ ಹೆಣ್ಣು ಹುಡುಕಬೇಡಿ

ಭರಣಿ ಮಳೆ ಬಿದ್ದರೆ ಸಾಕು, ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರದು ಒಂದೇ ಪ್ರಶ್ನೆ: ‘ಸಾರ್, ಆಫ್ರಿಕನ್ ಬಸವನಹುಳುವಿನಲ್ಲಿ ಹೆಣ್ಣು ಯಾವುದು? ಆಳು ಸಿಗ್ತಿಲ್ಲ, ಅದನ್ನಷ್ಟೇ ಆರಿಸ್ತೀವಿ.’ ಆಳಿನ ಕಷ್ಟ ಗೊತ್ತು. ಆದರೆ ಗೌಡ್ರೇ, ಹೆಣ್ಣು ಅಂತ ಬೇರೆ ಹುಳುವೇ ಇಲ್ಲ. ವೀರ್ಯ, ಮೊಟ್ಟೆ ಎರಡೂ ಒಂದೇ ಮೈಯಲ್ಲಿ.

ಇದನ್ನು ಒಪ್ಪಿದವರೂ ದಪ್ಪನೆಯವನ್ನು ಆರಿಸಿ ಸಣ್ಣವನ್ನು ಬಿಡುತ್ತಾರೆ. ತಪ್ಪಾಗುವುದೇ ಇಲ್ಲಿ. ಮೊಟ್ಟೆಗೆ ಸುಣ್ಣದ ಚಿಪ್ಪು ಬೇಕು, ಒಳಗೆ ಮರಿಗೆ ಆಹಾರ ಬೇಕು. ವೀರ್ಯಕ್ಕೆ ಅಷ್ಟು ಖರ್ಚಿಲ್ಲ. ಹಾಗಾಗಿ ಎಳೆಯ ಹುಳು ಮೊದಲು ವೀರ್ಯ ಮಾಡುತ್ತದೆ, ಮೈ ಬೆಳೆದ ಮೇಲೆ ಮೊಟ್ಟೆಗೆ ಇಳಿಯುತ್ತದೆ. ಬಲಿತ ಹುಳು ಒಂದು ಸಲಕ್ಕೆ 100ರಿಂದ 400 ಮೊಟ್ಟೆ ಇಟ್ಟೀತು. ನೀವು ಬಿಟ್ಟ ಎಳೆಯದು ಅಷ್ಟರಲ್ಲೇ ಕೂಡಿ, ಇನ್ನೊಂದರ ವೀರ್ಯವನ್ನು ಒಳಗಿನ ಚೀಲದಲ್ಲಿ ಕೂಡಿಟ್ಟಿರಬಹುದು. ಅದು ತಿಂಗಳುಗಟ್ಟಲೆ ಕೆಡುವುದಿಲ್ಲ. ಜೊತೆಗಾರರನ್ನೆಲ್ಲ ನೀವು ಆರಿಸಿ ಹಾಕಿದರೂ ಒಂಟಿ ಹುಳು ಮುಂದಿನ ಮಳೆಗೆ ಮೊಟ್ಟೆ ಇಡುತ್ತದೆ.

ಕೂಡುವಾಗಲೂ ಪೈಪೋಟಿ ಬಿಡುವುದಿಲ್ಲ. ಉಭಯಲಿಂಗಿಗಳು ಕೂಡುವುದು ವೀರ್ಯ ಪಡೆಯುವುದಕ್ಕಿಂತ ಹೆಚ್ಚಾಗಿ ಇನ್ನೊಂದರ ಮೊಟ್ಟೆಗೆ ತನ್ನ ವೀರ್ಯ ಮುಟ್ಟಿಸಲು ಎಂದು ಜೀವವಿಜ್ಞಾನಿ ಎರಿಕ್ ಚಾರ್ನೊವ್ 1979ರಲ್ಲೇ ವಾದಿಸಿದ್ದರು. ಪಡೆದ ಹುಳು ಬಹುಪಾಲು ವೀರ್ಯವನ್ನು ಕರಗಿಸಿಬಿಡುತ್ತದೆ. ಯುರೋಪಿನ ಕಂದು ಬಸವನಹುಳು ಅದಕ್ಕೇ ಜೊತೆಗಾರನಿಗೆ ಸುಣ್ಣದ ಮುಳ್ಳು ಚುಚ್ಚುತ್ತದೆ. ಮುಳ್ಳಿನ ಲೋಳೆಯಿಂದ ಹೆಚ್ಚು ವೀರ್ಯ ಉಳಿಯುತ್ತದೆ. ನಮ್ಮ ತೋಟದ ಆಫ್ರಿಕನ್ ಹುಳುವಿಗೆ ಆ ಮುಳ್ಳಿಲ್ಲ, ಅದಿಲ್ಲದೆಯೇ ನಮಗೆ ಇಷ್ಟು ಕಾಟ!

ಆರಿಸುವುದು ಕತ್ತಲಾದ ಮೇಲೆ, ಇಲ್ಲವೇ ಬೆಳಕು ಹರಿಯುವ ಮೊದಲು. ಹಗಲಲ್ಲಿ ಒದ್ದೆ ಗೋಣಿಚೀಲ, ಪಪ್ಪಾಯಿ ಎಲೆ ಹಾಸಿಟ್ಟರೆ ಅದರಡಿ ಸೇರಿಕೊಳ್ಳುತ್ತವೆ. ಮನುಷ್ಯರಿಗೂ ಹತ್ತಬಲ್ಲ ‘ಇಲಿಯ ಶ್ವಾಸಕೋಶದ ಹುಳು’ ಎಂಬ ಪರೋಪಜೀವಿ ಇವುಗಳಲ್ಲಿರಬಹುದು, ಕೈಗವಸು ಬೇಕೇ ಬೇಕು. 5 ಲೀಟರ್ ನೀರಿಗೆ 1 ಕಿಲೋ ಉಪ್ಪು ಕರಗಿಸಿ, ದೊಡ್ಡದು ಚಿಕ್ಕದು ಎನ್ನದೆ ರಾತ್ರಿಯಿಡೀ ಮುಳುಗಿಸಿ, ಆಮೇಲೆ ಆಳದ ಗುಂಡಿಯಲ್ಲಿ ಹೂಳಿ. ಆ ನೀರನ್ನು ಕಾಫಿ ಗಿಡದ ಬುಡಕ್ಕೆ ಚೆಲ್ಲಬೇಡಿ.

ಮೆಟಾಲ್ಡಿಹೈಡ್ ಗುಳಿಗೆಯನ್ನೇ ನೆಚ್ಚಬೇಡಿ. ಅದು ಹುಳುವಿನ ಮೈನೀರು ಇಳಿಸಿ ಕೊಲ್ಲುತ್ತದೆ. ಜಡಿಮಳೆಯಲ್ಲಿ ಎಷ್ಟೋ ಹುಳು ಚೇತರಿಸಿಕೊಳ್ಳುತ್ತವೆ. ಆ ಗುಳಿಗೆಯನ್ನು ನಾಯಿ ತಿಂದರೆ ಮಾತ್ರ ಉಳಿಯುವುದು ಕಷ್ಟ. ಕಾಲಲ್ಲಿ ಜಜ್ಜಿ ರಸ್ತೆಗೆ ಎಸೆಯುವುದಂತೂ ಬೇಡ: ಒಳಗಿನ ಚಿಪ್ಪುಗಟ್ಟಿದ ಮೊಟ್ಟೆ ಒಡೆಯದೆ ಉಳಿದರೆ ಅಲ್ಲೇ ಮರಿಯಾದೀತು. ದರಗಿನಡಿ, ಸಡಿಲ ಮಣ್ಣಲ್ಲಿ ಸುಮಾರು 5 ಮಿ.ಮೀ. ಗಾತ್ರದ ಕೆನೆಬಣ್ಣದ ಗುಂಡುಗಳು ಗೊಂಚಲಾಗಿ ಕಂಡರೆ ಅವನ್ನೂ ಬಳಿದು ಅದೇ ಉಪ್ಪುನೀರಿಗೆ ಹಾಕಿ.